ವಿಶ್ರಾಂತಿವೇತನದ ಹೊಸ್ತಿಲು

ನಮ್ಮ ಶಾಲೆ ಕಾಲೇಜುಗಳಲ್ಲಿ ಉಪಾಧ್ಯಾಯರು ಕೂಡುವ ಕೊಠಡಿಯನ್ನು ಮಧ್ಯಾಹ್ನದ ಬಿಡುವಿನ ವೇಳೆಯಲ್ಲಿ ಹೊಕ್ಕವರಿಗೆ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಶಾಸ್ತ್ರಚರ್ಚೆ ಕಿವಿಗೆ ಬೀಳುತ್ತದೆ. ಅದು ಛಂದಸ್ಸಿನ ಚರ್ಚೆಯಲ್ಲ, ಅಲಂಕಾರದ ಚರ್ಚೆಯೂ ಅಲ್ಲ. ಆದರೆ ಪಾಣಿನಿಯ ಸೂತ್ರಗಳಿಗೆ ಬೆಳೆದಂತೆಯೇ ಅದಕ್ಕೂ ವಾರ್ತಿಕ, ಭಾಷ್ಯ, ಟೀಕೆ, ಟಿಪ್ಪಣಿಗಳು ಬೆಳೆದಿವೆ. “ನಿಮ್ಮ ನೇಮಕಾತಿಯ ಅಧಿಸೂಚನೆ ಎಂದು ಹೊರಟಿತು? ಆದೇಶ ಎಂದು ಕೈಸೇರಿತು? ಕೆಲಸಕ್ಕೆ ಹಾಜರಾದುದು ಎಂದು?” ಈ ಮೂರು ಪ್ರಶ್ನೆಗಳಿಗೆ ಬರುವ ಉತ್ತರದ ಮೇಲೆ ಒಬ್ಬ ಮನುಷ್ಯನ ಮುಪ್ಪು ಹೇಗೆ ಕಳೆದೀತೆಂಬುದು ನಿರ್ಧಾರವಾಗುತ್ತದೆ. ಕೆಲಸಕ್ಕೆ ಸೇರಿದ ದಿನ ಇವರಾರೂ ಈ ಪ್ರಶ್ನೆಗಳನ್ನು ಕೇಳಿಕೊಂಡವರಲ್ಲ. ಇಪ್ಪತ್ತೈದರ ಹರೆಯದಲ್ಲಿ ಅರುವತ್ತರ ಯೋಚನೆ ಯಾರಿಗೆ ಬರುತ್ತದೆ?

ಒಂದು ಊರಿನ ಇಬ್ಬರು ಗೆಳೆಯರನ್ನು ವಾಚಕರು ಕಲ್ಪಿಸಿಕೊಳ್ಳಲಿ. ಇಬ್ಬರೂ ಒಂದೇ ಅಧಿಸೂಚನೆಗೆ ಅರ್ಜಿ ಹಾಕಿದವರು. ಒಂದೇ ಪಟ್ಟಿಯಲ್ಲಿ, ಒಂದರ ಕೆಳಗೊಂದು ಸಾಲಿನಲ್ಲಿ ಆಯ್ಕೆಯಾದವರು. ಒಬ್ಬನ ಕಾಗದಪತ್ರಗಳ ಪರಿಶೀಲನೆ ಬೇಗ ಮುಗಿದು ಅವನು ೨೦೦೬ರ ಮಾರ್ಚ್ ಕೊನೆಯ ವಾರದಲ್ಲಿ ಶಾಲೆಗೆ ಹಾಜರಾದ. ಇನ್ನೊಬ್ಬನ ಕಾಗದ ಯಾವುದೋ ಮೇಜಿನ ಮೇಲೆ ಹತ್ತು ದಿನ ಹೆಚ್ಚಿಗೆ ಮಲಗಿ, ಅವನು ಏಪ್ರಿಲ್ ಮೊದಲ ವಾರದಲ್ಲಿ ಹಾಜರಾದ. ಪಾಠ ಅದೇ, ಸಂಬಳ ಅದೇ, ಕೈಗೆ ಅಂಟಿದ ಸೀಮೆಸುಣ್ಣವೂ ಅದೇ. ಆದರೆ ಮೊದಲನೆಯವನು ಹೊಸ್ತಿಲ ಒಳಗೆ ಉಳಿದ. ಎರಡನೆಯವನು ಹೊರಗೆ ಉಳಿದ. ೨೦೦೬ರ ಏಪ್ರಿಲ್ ೧ರಂದು ಕರ್ನಾಟಕ ಸರ್ಕಾರ ತನ್ನ ಹೊಸ ನೌಕರರಿಗೆ ಹಳೆಯ ವಿಶ್ರಾಂತಿವೇತನದ ಬಾಗಿಲನ್ನು ಮುಚ್ಚಿತ್ತು. ಗೆಳೆಯರು ಕಲ್ಪಿತರು, ಅವರ ಪಾಡು ಕಲ್ಪಿತವಲ್ಲ.

ಪಿಂಚಣಿ ಎಂಬ ಶಬ್ದ ಹೊರಗಿನಿಂದ ಬಂದದ್ದಾದರೂ ಅದರ ಹಿಂದಿನ ಭಾವ ನಮಗೆ ಹೊಸದಲ್ಲ. ಊರಿಗಾಗಿ, ತುರುವಿಗಾಗಿ, ಹೆಣ್ಣಿನ ಮಾನಕ್ಕಾಗಿ ಹೋರಾಡಿ ಮಡಿದವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿ ನಮ್ಮಲ್ಲಿತ್ತು. ಅದನ್ನು ನೆತ್ತರುಗೊಡಗೆ ಎಂದು ಕರೆದರು. ಸತ್ತವನ ಋಣವನ್ನು ಬದುಕಿರುವವರು ತೀರಿಸಬೇಕೆಂಬುದು ಅದರ ಅರ್ಥ. ಆ ಕಾಲದ ದಾನಶಾಸನಗಳ ಕೊನೆಯ ಸಾಲುಗಳನ್ನು ಓದಿದವರಿಗೆ ಇನ್ನೊಂದು ಸಂಗತಿ ತಿಳಿದಿರುತ್ತದೆ. ಕೊಟ್ಟದ್ದು ಸೂರ್ಯಚಂದ್ರರಿರುವವರೆಗೂ ನಡೆಯಬೇಕೆಂದು ಬರೆಸಿದ ದೊರೆಗೆ, ಮುಂದೆ ಬರುವ ದೊರೆಗಳ ಮೇಲೆ ಅಷ್ಟೊಂದು ನಂಬಿಕೆಯಿರಲಿಲ್ಲ. ಆದುದರಿಂದಲೇ ಕೊಟ್ಟದ್ದನ್ನು ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಹೊಲಸಿನ ಹುಳುವಾಗಿ ಹುಟ್ಟುತ್ತಾನೆಂಬ ಶಾಪವನ್ನೂ ಕಲ್ಲಿನಲ್ಲಿ ಕಡೆಸಿದ. ದಾನ ಮಾಡುವುದಕ್ಕಿಂತ ಮಾಡಿದ ದಾನವನ್ನು ಕಾಯುವುದು ಹೆಚ್ಚಿನದೆಂಬ ನೀತಿಯೂ ಆ ಶಾಸನಗಳಲ್ಲಿಯೇ ಮತ್ತೆ ಮತ್ತೆ ಬರುತ್ತದೆ. ನಮ್ಮ ಕಾಲದ ಸರ್ಕಾರಿ ಆದೇಶಗಳ ಕೊನೆಯಲ್ಲಿ ಶಾಪಾಶಯ ಇರುವುದಿಲ್ಲ. ರಾಜ್ಯಪಾಲರ ಆಜ್ಞಾನುಸಾರ ಎಂಬ ಒಕ್ಕಣೆ ಮಾತ್ರ ಇರುತ್ತದೆ. ಒಂದು ಆದೇಶವನ್ನು ಇನ್ನೊಂದು ಆದೇಶ ಅಳಿಸಬಲ್ಲುದು.

ಹಳೆಯ ಪದ್ಧತಿಯ ಸ್ವರೂಪ ಸರಳವಾಗಿತ್ತು. ನೌಕರನ ಸಂಬಳದಿಂದ ವಿಶ್ರಾಂತಿವೇತನಕ್ಕೆಂದು ಏನನ್ನೂ ಹಿಡಿಯುತ್ತಿರಲಿಲ್ಲ. ನಿಯಮಗಳು ‘ಅರ್ಹತಾದಾಯಕ ಸೇವೆ’ ಎಂದು ಕರೆಯುವ ಸೇವೆ ಕನಿಷ್ಠ ೧೦ ವರ್ಷವಾದರೂ ಇರಬೇಕು. ಪೂರ್ಣ ಅವಧಿ ದುಡಿದವನಿಗೆ ಕೊನೆಯ ಸಂಬಳದ ಅರ್ಧ ಬದುಕಿರುವವರೆಗೂ ಬರುತ್ತದೆ. ಬೆಲೆಗಳು ಏರಿದಂತೆ ಅದರ ಮೇಲಿನ ತುಟ್ಟಿಭತ್ಯವೂ ಏರುತ್ತದೆ. ಅವನು ತೀರಿಕೊಂಡರೆ ಹೆಂಡತಿಗೆ ಕುಟುಂಬವೇತನ ಸಲ್ಲುತ್ತದೆ. ಈ ಹಣ ಯಾವ ಪೆಟ್ಟಿಗೆಯಲ್ಲಿಯೂ ಕೂಡಿಟ್ಟದ್ದಲ್ಲ; ಆಯಾ ವರ್ಷದ ತೆರಿಗೆಯಿಂದ ಆಯಾ ವರ್ಷ ಕೊಡತಕ್ಕದ್ದು. ಇಂದು ದುಡಿಯುವವರ ತೆರಿಗೆಯಿಂದ ನಿನ್ನೆ ದುಡಿದವರ ಅನ್ನ.

ಈ ಸರಳತೆಯೇ ಅದರ ತೊಡಕೂ ಆಯಿತು ಎಂಬುದನ್ನು ಮರೆಮಾಚಬಾರದು. ಜನರ ಆಯುಸ್ಸು ಬೆಳೆಯಿತು. ಪ್ರತಿಯೊಂದು ವೇತನ ಆಯೋಗವೂ ಸಂಬಳದೊಡನೆ ಪಿಂಚಣಿಯನ್ನೂ ಏರಿಸಿತು. ಆದಾಯದ ದೊಡ್ಡ ಪಾಲು ಸಂಬಳ, ಸಾರಿಗೆ, ಸಾಲದ ಬಡ್ಡಿಗೆ ಹೋಗುವ ರಾಜ್ಯಗಳಲ್ಲಿ ಪಿಂಚಣಿಯ ಹೊರೆ ಕಣ್ಣಿಗೆ ಹೊಡೆಯುವಂತೆ ಬೆಳೆಯಿತು. ಕೇಂದ್ರ ಸರ್ಕಾರ ಈ ಪ್ರಶ್ನೆಯನ್ನು ಪರಿಶೀಲಿಸಲು ನೇಮಿಸಿದ ತಜ್ಞರ ಸಮಿತಿಯೊಂದಕ್ಕೆ ನಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿಗಳಾಗಿದ್ದ ಬಿ. ಕೆ. ಭಟ್ಟಾಚಾರ್ಯರೇ ಅಧ್ಯಕ್ಷರು. ಆ ಸಮಿತಿ ೨೦೦೨ರಲ್ಲಿ ಸೂಚಿಸಿದ್ದು ಒಂದು ನಡುದಾರಿ: ಸ್ವಲ್ಪ ಭಾಗ ನಿಶ್ಚಿತವಾಗಿರಲಿ, ಸ್ವಲ್ಪ ಭಾಗ ಉಳಿತಾಯದಿಂದ ಬರಲಿ ಎಂದು. ಸರ್ಕಾರ ಆ ದಾರಿಯನ್ನು ಹಿಡಿಯದೆ ನೇರವಾಗಿ ಇನ್ನೊಂದು ದಡಕ್ಕೆ ನೆಗೆಯಿತು. ೨೦೦೩ರ ಡಿಸೆಂಬರ್ ೨೨ರಂದು ಅಧಿಸೂಚನೆ ಹೊರಟಿತು. ೨೦೦೪ರ ಜನವರಿ ೧ರಿಂದ ಕೇಂದ್ರದ ನೌಕರಿಗೆ ಸೇರುವವರೆಲ್ಲರೂ, ಸೇನಾಪಡೆಗಳವರನ್ನು ಬಿಟ್ಟು, ಹೊಸ ವ್ಯವಸ್ಥೆಗೆ ಒಳಗಾದರು. ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ರಾಜ್ಯಗಳೂ ಅದೇ ಹಾದಿಯನ್ನು ತುಳಿದವು. ಪಶ್ಚಿಮ ಬಂಗಾಳವೊಂದು ಅದನ್ನು ಸೇರದೆ ಉಳಿಯಿತು.

ಹೊಸ ವ್ಯವಸ್ಥೆಯಲ್ಲಿ ನಿಶ್ಚಿತವಾದದ್ದು ಕೊಡುವುದು ಮಾತ್ರ, ಪಡೆಯುವುದು ನಿಶ್ಚಿತವಲ್ಲ. ನೌಕರನ ಮೂಲವೇತನ ಮತ್ತು ತುಟ್ಟಿಭತ್ಯದ ಶೇಕಡ ೧೦ನ್ನು ತಿಂಗಳು ತಿಂಗಳೂ ಹಿಡಿಯುತ್ತಾರೆ. ಸರ್ಕಾರ ಮೊದಲು ಅಷ್ಟನ್ನೇ ಕೂಡಿಸುತ್ತಿತ್ತು. ಕೇಂದ್ರ ೨೦೧೯ರ ಏಪ್ರಿಲಿನಿಂದ ತನ್ನ ಪಾಲನ್ನು ಶೇಕಡ ೧೪ಕ್ಕೆ ಏರಿಸಿತು. ಈ ಹಣವನ್ನು ಸಾಲಪತ್ರಗಳಲ್ಲಿಯೂ ಷೇರುಗಳಲ್ಲಿಯೂ ತೊಡಗಿಸುತ್ತಾರೆ. ನಿವೃತ್ತಿಯ ದಿನ ಗಂಟು ಎಷ್ಟಾಗಿದೆಯೋ ಅದರಲ್ಲಿ ಶೇಕಡ ೬೦ರವರೆಗೆ ಕೈಗೆ ತೆಗೆದುಕೊಳ್ಳಬಹುದು. ಶೇಕಡ ೪೦ಕ್ಕಾದರೂ ವಿಮಾ ಕಂಪೆನಿಯಿಂದ ವರ್ಷಾಶನವನ್ನು ಕೊಳ್ಳಬೇಕು.

ಒಂದು ಲೆಕ್ಕವನ್ನು ಉದಾಹರಣೆಗಾಗಿ ಹಾಕಿ ನೋಡೋಣ. ಗಂಟು ೪೦ ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಶೇಕಡ ೪೦ ಎಂದರೆ ೧೬ ಲಕ್ಷ. ವರ್ಷಾಶನದ ದರ ಶೇಕಡ ೬ ಇದ್ದರೆ ತಿಂಗಳಿಗೆ ೮,೦೦೦ ರೂಪಾಯಿ ಬಂದೀತು. ಶೇಕಡ ೭ ಇದ್ದರೆ ೯,೩೩೩ ರೂಪಾಯಿ. ಉಳಿದ ೨೪ ಲಕ್ಷ ಕೈಯಲ್ಲಿರುತ್ತದೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಅದು ಮಗಳ ಮದುವೆಗೋ ಮನೆಯ ಸಾಲಕ್ಕೋ ಹೋಗದೆ ಉಳಿದರೆ ತಾನೆ? ಇದೇ ಮನುಷ್ಯನ ಕೊನೆಯ ಸಂಬಳ ೮೦,೦೦೦ ಆಗಿದ್ದರೆ ಹಳೆಯ ಪದ್ಧತಿಯಲ್ಲಿ ಅವನಿಗೆ ೪೦,೦೦೦ವೂ ಅದರ ಮೇಲೆ ತುಟ್ಟಿಭತ್ಯವೂ ಬರುತ್ತಿತ್ತು. ವರ್ಷಾಶನವಾದರೋ ಸಾಮಾನ್ಯವಾಗಿ ಅಕ್ಕಿಯ ಬೆಲೆ ಏರಿತೆಂದು ತಾನೂ ಏರುವುದಿಲ್ಲ. ಎರಡು ಪದ್ಧತಿಗಳ ನಿಜವಾದ ವ್ಯತ್ಯಾಸ ಮೊತ್ತದಲ್ಲಿ ಅಷ್ಟಾಗಿ ಇಲ್ಲ. ಅನಿಶ್ಚಯವನ್ನು ಹೊರುವವರು ಯಾರು ಎಂಬುದರಲ್ಲಿದೆ. ಹಿಂದೆ ಪೇಟೆಯ ಏರಿಳಿತವನ್ನೂ ಬೆಲೆಯೇರಿಕೆಯನ್ನೂ ದೀರ್ಘಾಯುಷ್ಯವನ್ನೂ ಸರ್ಕಾರ ತನ್ನ ಹೆಗಲ ಮೇಲೆ ಹೊತ್ತಿತ್ತು. ಈಗ ಅವನ್ನು ಕಳೆಗುಂದಿದ ಕಣ್ಣಿನ ಒಬ್ಬ ಮುದುಕನ ಹೆಗಲಿಗೆ ದಾಟಿಸಲಾಗಿದೆ. ನೂರು ವರ್ಷ ಬಾಳು ಎಂಬ ಹರಕೆ ಅವನಿಗೆ ಹೆದರಿಕೆಯಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ.

ಇಷ್ಟು ಹೇಳಿದ ಮೇಲೆ ನ್ಯಾಯಸ್ಥಾನದ ಮಾತು ಬರುತ್ತದೆ. ನಿವೃತ್ತರ ಸಂಘಗಳು ಪ್ರತಿ ವರ್ಷ ಡಿಸೆಂಬರ್ ೧೭ನ್ನು ಪಿಂಚಣಿದಾರರ ದಿನವೆಂದು ಆಚರಿಸುತ್ತವೆ. ೧೯೮೨ರಲ್ಲಿ ಆ ದಿನ ಸುಪ್ರೀಂ ಕೋರ್ಟು ಡಿ. ಎಸ್. ನಕಾರ ಅವರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ಅಧ್ಯಕ್ಷತೆಯ ಸಂವಿಧಾನ ಪೀಠದ ಪರವಾಗಿ ಅದನ್ನು ಬರೆದವರು ನ್ಯಾಯಮೂರ್ತಿ ಡಿ. ಎ. ದೇಸಾಯಿ. ಅಲ್ಲಿಯೂ ಪ್ರಶ್ನೆ ಒಂದು ತಾರೀಖಿನದೇ ಆಗಿತ್ತು. ೧೯೭೯ರ ಮೇ ೨೫ರ ಆದೇಶವೊಂದು ಪಿಂಚಣಿಯ ಲೆಕ್ಕವನ್ನು ಉದಾರಗೊಳಿಸಿತು. ಆದರೆ ಆ ಉದಾರತೆ ೧೯೭೯ರ ಮಾರ್ಚ್ ೩೧ರಂದೋ ಅನಂತರವೋ ನಿವೃತ್ತರಾದವರಿಗೆ ಮಾತ್ರ. ಒಂದು ದಿನ ಮುಂಚೆ ಮನೆಗೆ ಹೋದವನಿಗೂ ಒಂದು ದಿನ ತಡೆದು ಹೋದವನಿಗೂ ಈ ಭೇದವೇಕೆ ಎಂದು ನ್ಯಾಯಾಲಯ ಕೇಳಿತು. ಪಿಂಚಣಿಯು ದೊರೆಯ ಕೃಪೆಯಲ್ಲ, ಮನಬಂದಂತೆ ಕೊಡುವ ಭಿಕ್ಷೆಯಲ್ಲ, ಸಲ್ಲಿಸಿದ ಸೇವೆಗೆ ತಡವಾಗಿ ಸಲ್ಲುವ ಪ್ರತಿಫಲ ಎಂದಿತು. ಆ ತಾರೀಖಿನ ಗೆರೆಯನ್ನು ಅಳಿಸಿ ಹಾಕಿತು.

ಆ ತೀರ್ಪನ್ನು ಓದಿದವರಲ್ಲಿ ಅನೇಕರು ಇನ್ನು ಮುಂದೆ ತಾರೀಖಿನ ಗೆರೆಗಳೇ ಇರಲಾರವು ಎಂದು ನಂಬಿದರು. ಆದರೆ ನ್ಯಾಯದ ನದಿ ನೇರವಾಗಿ ಹರಿಯುವುದಿಲ್ಲ. ರೈಲ್ವೆಯಲ್ಲಿ ಭವಿಷ್ಯನಿಧಿಯನ್ನು ಆರಿಸಿಕೊಂಡು ನಿವೃತ್ತರಾದವರು ತಮಗೂ ಪಿಂಚಣಿಗೆ ಬದಲಾಯಿಸಿಕೊಳ್ಳಲು ಅವಕಾಶ ಬೇಕೆಂದು ಕೇಳಿದಾಗ, ೧೯೯೦ರಲ್ಲಿ ಕೃಷ್ಣ ಕುಮಾರ್ ಮೊಕದ್ದಮೆಯಲ್ಲಿ ಸಂವಿಧಾನ ಪೀಠವೇ ಅವರದು ಬೇರೆ ವರ್ಗವೆಂದು ಹೇಳಿತು. ಕೊನೆಗೆ ೨೦೨೫ರ ಮಾರ್ಚಿಯಲ್ಲಿ ಸಂಸತ್ತು ಹಣಕಾಸಿನ ವಿಧೇಯಕದೊಡನೆ ಇನ್ನೊಂದು ಮಾತನ್ನು ಸೇರಿಸಿ ಅಂಗೀಕರಿಸಿತು. ಪಿಂಚಣಿದಾರರಲ್ಲಿ ಭೇದವನ್ನು ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇದೆ, ಹಿಂದಿನಿಂದಲೂ ಇತ್ತು; ನಿವೃತ್ತಿಯ ತಾರೀಖು ಆ ಭೇದಕ್ಕೆ ಆಧಾರವಾಗಬಹುದು ಎಂಬುದೇ ಆ ಮಾತು. ಅದನ್ನು ಜಾರಿಗೆ ತಂದದ್ದು ೧೯೭೨ರ ಜೂನ್ ೧ರಿಂದ, ಎಂದರೆ ಕೇಂದ್ರದ ಪಿಂಚಣಿ ನಿಯಮಾವಳಿ ಹುಟ್ಟಿದ ದಿನದಿಂದಲೇ. ನಲವತ್ತೆರಡು ವರ್ಷಗಳ ಹಿಂದೆ ಒಂದು ನ್ಯಾಯಪೀಠ ಅಳಿಸಿದ ಗೆರೆಯನ್ನು ಎಳೆಯುವ ಹಕ್ಕನ್ನು ಶಾಸನಸಭೆ ಐವತ್ತಮೂರು ವರ್ಷ ಹಿಂದಕ್ಕೆ ಹೋಗಿ ಪಡೆದುಕೊಂಡಿತು. ನಿವೃತ್ತರ ಸಂಘಗಳು ಕಳವಳಗೊಂಡುದು ಸಹಜ. ನಾಳಿನ ನಿಯಮ ಬದಲಾಗಬಹುದೆಂಬ ಭಯವೇ ಸಾಕಷ್ಟಿತ್ತು. ನಿನ್ನಿನ ನಿಯಮವೂ ಬದಲಾಗಬಹುದೆಂಬುದು ಅವರಿಗೆ ಹೊಸ ಪಾಠ.

ಗೆರೆಗಳು ಒಮ್ಮೊಮ್ಮೆ ನೌಕರರ ಕಡೆಗೂ ಸರಿದಿವೆ. ಕೇಂದ್ರ ಸರ್ಕಾರ ೨೦೨೩ರ ಮಾರ್ಚ್ ೩ರಂದು ಒಂದು ಆದೇಶವನ್ನು ಹೊರಡಿಸಿ, ೨೦೦೩ರ ಡಿಸೆಂಬರ್ ೨೨ಕ್ಕೆ ಮುಂಚೆ ಪ್ರಕಟವಾದ ಹುದ್ದೆಗಳಿಗೆ ಆಯ್ಕೆಯಾಗಿ ಅನಂತರ ಸೇರಿದವರು ಹಳೆಯ ಪದ್ಧತಿಯನ್ನು ಒಂದು ಬಾರಿ ಆರಿಸಿಕೊಳ್ಳಬಹುದೆಂದು ಹೇಳಿತು. ಆ ವರ್ಷದ ಆಗಸ್ಟ್ ೩೧ ಅದರ ಗಡುವು. ೨೦೨೪ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಅದೇ ನ್ಯಾಯವನ್ನು ಅನುಸರಿಸಿತು. ೨೦೦೬ರ ಏಪ್ರಿಲ್ ೧ಕ್ಕೆ ಮುಂಚಿನ ಅಧಿಸೂಚನೆಗಳಂತೆ ನೇಮಕಗೊಂಡು ತಡವಾಗಿ ಹಾಜರಾದ ಸುಮಾರು ೧೩,೦೦೦ ನೌಕರರಿಗೆ ಇದರಿಂದ ಹಳೆಯ ಪಿಂಚಣಿಯ ಬಾಗಿಲು ತೆರೆಯಿತು.

ಹಾಗಾದರೆ ನಮ್ಮ ಕಲ್ಪನೆಯ ಎರಡನೆಯ ಗೆಳೆಯನ ಕಥೆ ಸುಖಾಂತವಾಯಿತೆನ್ನೋಣವೆ? ಆಗಬಹುದು, ಆದರೆ ಹದಿನೆಂಟು ವರ್ಷಗಳ ತರುವಾಯ. ಅಷ್ಟು ವರ್ಷ ಅವನು ಗೆಳೆಯನ ಪಕ್ಕದಲ್ಲಿ ಕುಳಿತು, ಒಂದೇ ಹಾಜರಿ ಪುಸ್ತಕದಲ್ಲಿ ರುಜು ಮಾಡಿ, ಬೇರೆ ಬೇರೆ ಮುಪ್ಪನ್ನು ಕಾಣುತ್ತ ಬಂದ. ಅಲ್ಲದೆ ಗೆರೆ ಅಳಿಯಲಿಲ್ಲ, ಸರಿಯಿತು, ಅಷ್ಟೆ. ಹಾಜರಾದ ದಿನದ ಮೇಲಿದ್ದ ಗೆರೆ ಅಧಿಸೂಚನೆಯ ದಿನದ ಮೇಲೆ ಬಂದು ನಿಂತಿತು. ೨೦೦೬ರ ಮೇ ತಿಂಗಳಿನ ಅಧಿಸೂಚನೆಯಿಂದ ಬಂದ ಮೂರನೆಯ ಗೆಳೆಯನೊಬ್ಬನಿದ್ದರೆ ಅವನು ಹೊರಗೆಯೇ ಉಳಿದ. ಆದರೂ ಈ ಸರಿಸುವಿಕೆಯಲ್ಲಿ ಒಂದು ಧರ್ಮವಿದೆ. ಮೇಜಿನ ಮೇಲೆ ಕಾಗದ ಮಲಗಿದ್ದು ಅಭ್ಯರ್ಥಿಯ ತಪ್ಪಲ್ಲ; ಕಚೇರಿಯ ಆಲಸ್ಯಕ್ಕೆ ಅವನು ದಂಡ ತೆರಬಾರದು. ಯಾವ ನಿಯಮವನ್ನು ನಂಬಿ ಅವನು ಅರ್ಜಿ ಹಾಕಿದನೋ ಅದೇ ನಿಯಮ ಅವನಿಗೆ ಸಲ್ಲಬೇಕು. ಈ ಸಣ್ಣ ತತ್ತ್ವವನ್ನು ಒಪ್ಪಿಕೊಳ್ಳಲು ಹದಿನೆಂಟು ವರ್ಷ ಬೇಕಾದದ್ದು ವಿಷಾದದ ಸಂಗತಿ.

ಪೂರ್ತಿ ಹಿಂದಕ್ಕೆ ಹೋಗುವ ಪ್ರಯತ್ನಗಳೂ ನಡೆದಿವೆ. ೨೦೨೨ರಲ್ಲಿ ರಾಜಸ್ಥಾನ, ಛತ್ತೀಸಗಡ, ಝಾರ್ಖಂಡ, ಪಂಜಾಬು, ೨೦೨೩ರಲ್ಲಿ ಹಿಮಾಚಲ ಪ್ರದೇಶ—ಇವು ಹಳೆಯ ಪದ್ಧತಿಗೆ ಮರಳುವ ನಿರ್ಧಾರ ಮಾಡಿದವು. ಆಗ ಎದ್ದ ಪ್ರಶ್ನೆ, ಅಷ್ಟು ವರ್ಷ ನೌಕರರ ಹೆಸರಿನಲ್ಲಿ ಕಟ್ಟಿದ ಹಣ ಏನಾಗಬೇಕು ಎಂಬುದು. ೨೦೧೩ರ ಪಿಂಚಣಿ ನಿಧಿ ನಿಯಂತ್ರಣ ಪ್ರಾಧಿಕಾರದ ಕಾಯಿದೆಯಲ್ಲಿ ಅದನ್ನು ರಾಜ್ಯಗಳಿಗೆ ಮರಳಿಸುವ ಅವಕಾಶವಿಲ್ಲವೆಂದು ಕೇಂದ್ರ ಹೇಳಿತು. ಕರ್ನಾಟಕದಲ್ಲಿ ೨೦೨೩ರ ಮಾರ್ಚ್ ೧ರಂದು ರಾಜ್ಯದ ನೌಕರರು ಕೆಲಸಕ್ಕೆ ಹೋಗದೆ ಮುಷ್ಕರ ಹೂಡಿದಾಗ ಸರ್ಕಾರ ಶೇಕಡ ೧೭ರ ಮಧ್ಯಂತರ ಪರಿಹಾರವನ್ನು ಘೋಷಿಸಿತು. ಹಳೆಯ ಪಿಂಚಣಿಯ ಪ್ರಶ್ನೆಯನ್ನು ಸಮಿತಿಗೆ ಒಪ್ಪಿಸಿತು. ಸಮಿತಿ ಎಂಬುದು ನಮ್ಮ ಆಡಳಿತದಲ್ಲಿ ಉತ್ತರವೂ ಹೌದು, ಉತ್ತರವನ್ನು ಮುಂದೂಡುವ ಉಪಾಯವೂ ಹೌದು.

ಈ ಒತ್ತಡದ ಫಲವಾಗಿಯೇ ಕೇಂದ್ರ ಸಚಿವ ಸಂಪುಟ ೨೦೨೪ರ ಆಗಸ್ಟ್ ೨೪ರಂದು ಏಕೀಕೃತ ಪಿಂಚಣಿ ಯೋಜನೆಯನ್ನು ಒಪ್ಪಿತು. ೨೦೨೫ರ ಏಪ್ರಿಲ್ ೧ರಿಂದ ಅದು ಜಾರಿಗೆ ಬಂದಿತು. ೨೫ ವರ್ಷ ಸೇವೆ ಮಾಡಿದ ಕೇಂದ್ರದ ನೌಕರನಿಗೆ ಕೊನೆಯ ೧೨ ತಿಂಗಳ ಸರಾಸರಿ ಮೂಲವೇತನದ ಅರ್ಧ; ಅದಕ್ಕಿಂತ ಕಡಮೆ ಸೇವೆಗೆ ಅದೇ ಪ್ರಮಾಣದಲ್ಲಿ ಕಡಮೆ; ೧೦ ವರ್ಷವಾದರೂ ದುಡಿದವನಿಗೆ ತಿಂಗಳಿಗೆ ೧೦,೦೦೦ ರೂಪಾಯಿಯ ಭರವಸೆ; ತೀರಿಕೊಂಡವನ ಸಂಗಾತಿಗೆ ಶೇಕಡ ೬೦; ಬೆಲೆಯೇರಿಕೆಗೆ ತಕ್ಕ ಪರಿಹಾರ. ನೌಕರ ಶೇಕಡ ೧೦ ಕೊಡುತ್ತಲೇ ಇರಬೇಕು; ಸರ್ಕಾರದ ಪಾಲು ಒಟ್ಟು ಶೇಕಡ ೧೮.೫. ಎರಡು ದಶಕಗಳ ಹಿಂದೆ ಭಟ್ಟಾಚಾರ್ಯರ ಸಮಿತಿ ತೋರಿಸಿದ್ದ ನಡುದಾರಿಯ ನೆರಳು ಇದರಲ್ಲಿ ಕಾಣುತ್ತದೆ. ಇದನ್ನು ತಮ್ಮಲ್ಲಿಯೂ ತರುವುದು ಬಿಡುವುದು ರಾಜ್ಯಗಳ ಇಚ್ಛೆಗೆ ಬಿಟ್ಟದ್ದು.

ಆದರೆ ಇಲ್ಲಿಯೂ ಒಂದು ಹೊಸ್ತಿಲಿದೆ. ವಯಸ್ಸು ನಲವತ್ತಾದ ಮೇಲೆ ಕೆಲಸ ಸಿಕ್ಕಿ ಅರುವತ್ತಕ್ಕೆ ಬಿಡುವವನ ಸೇವೆ ೨೦ ವರ್ಷ. ಅವನಿಗೆ ಸಲ್ಲುವುದು ಅರ್ಧವಲ್ಲ, ಶೇಕಡ ೪೦. ನೇಮಕಾತಿಗಳು ವರ್ಷಗಟ್ಟಲೆ ನಡೆಯದ ನಾಡಿನಲ್ಲಿ ತಡವಾಗಿ ಸೇರುವುದು ಸೋಮಾರಿತನದ ಫಲವಲ್ಲ, ಬಹಳ ಮಟ್ಟಿಗೆ ಸರ್ಕಾರದ್ದೇ ಸಾವಕಾಶದ ಫಲ. ಇದ್ದುದನ್ನು ಬಿಟ್ಟು ಇದನ್ನು ಹಿಡಿಯಬೇಕೆ ಬೇಡವೆ ಎಂದು ತೀರ್ಮಾನಿಸಲು ಕೇಂದ್ರದ ನೌಕರರಿಗೆ ೨೦೨೫ರ ಜೂನ್ ೩೦ರ ಗಡುವು ಇತ್ತು. ಅದು ಸೆಪ್ಟೆಂಬರ್ ೩೦ಕ್ಕೆ, ಮತ್ತೆ ನವೆಂಬರ್ ೩೦ಕ್ಕೆ ಮುಂದೆ ಹೋಯಿತು. ಗಡುವು ಮತ್ತೆ ಮತ್ತೆ ಮುಂದೆ ಹೋಗುತ್ತದೆಂದರೆ ಜನ ನಿರ್ಧರಿಸಲಾರದೆ ಇದ್ದಾರೆಂದು ಅರ್ಥ. ನಾಳೆ ಇನ್ನೊಂದು ನಿಯಮ ಬಂದೀತೆಂದು ಅನುಭವ ಕಲಿಸಿರುವಾಗ ಇಂದಿನ ಆಯ್ಕೆಯ ಮೇಲೆ ಯಾರು ತಾನೆ ರುಜು ಹಾಕಿಯಾರು?

ಸರ್ಕಾರಿ ನೌಕರರ ಮಾತು ಹೀಗಾದರೆ, ಕಾರ್ಖಾನೆ, ಖಾಸಗಿ ಸಂಸ್ಥೆಗಳಲ್ಲಿ ದುಡಿಯುವವರ ಮಾತು ಇನ್ನೂ ಕಿರಿದು. ೧೯೯೫ರ ನವೆಂಬರಿನಲ್ಲಿ ಆರಂಭವಾದ ನೌಕರರ ಪಿಂಚಣಿ ಯೋಜನೆಯಲ್ಲಿಯೂ ೧೦ ವರ್ಷದ ಸೇವೆ ಬೇಕು. ೫೮ರ ವಯಸ್ಸಿನಲ್ಲಿ ಪಿಂಚಣಿ. ಲೆಕ್ಕಕ್ಕೆ ಬರುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ ೭೦ರಿಂದ ಭಾಗಿಸಬೇಕು. ಎಷ್ಟೇ ಸಂಬಳವಿದ್ದರೂ ಲೆಕ್ಕಕ್ಕೆ ಒಂದು ಮಿತಿಯಿದೆ: ಮೊದಲು ೫,೦೦೦, ಅನಂತರ ೬,೫೦೦, ೨೦೧೪ರ ಸೆಪ್ಟೆಂಬರ್ ೧ರಿಂದ ೧೫,೦೦೦. ಅದೇ ದಿನದಿಂದ ೧೨ ತಿಂಗಳ ಸರಾಸರಿಯ ಬದಲು ೬೦ ತಿಂಗಳ ಸರಾಸರಿ ಎಂದಾಯಿತು. ಕನಿಷ್ಠ ಪಿಂಚಣಿ ೧,೦೦೦ ರೂಪಾಯಿ ಎಂದೂ ಆಯಿತು. ೧೫,೦೦೦ ರೂಪಾಯಿಯ ಮೇಲೆ ೧೪ ವರ್ಷದ ಸೇವೆಗೆ ಈ ಸೂತ್ರ ಕೊಡುವುದು ೩,೦೦೦ ರೂಪಾಯಿ.

ಪೂರ್ತಿ ಸಂಬಳದ ಮೇಲೆ ಪಿಂಚಣಿ ಕೇಳಿದವರ ವ್ಯಾಜ್ಯ ಬಹುಕಾಲ ನಡೆದು, ೨೦೨೨ರ ನವೆಂಬರ್ ೪ರಂದು ಸುಪ್ರೀಂ ಕೋರ್ಟು ೨೦೧೪ರ ತಿದ್ದುಪಡಿಗಳನ್ನು ಬಹುಮಟ್ಟಿಗೆ ಎತ್ತಿಹಿಡಿದು, ಅರ್ಹರಾದವರಿಗೆ ಇನ್ನೊಮ್ಮೆ ಅಭಿಮತ ಕೊಡಲು ನಾಲ್ಕು ತಿಂಗಳ ಕಾಲ ಕೊಟ್ಟಿತು. ಆ ಗಡುವು ೨೦೨೩ರ ಮಾರ್ಚಿನಿಂದ ಮೇಗೆ, ಮೇಯಿಂದ ಜೂನಿಗೆ, ಜೂನಿನಿಂದ ಜುಲೈ ೧೧ಕ್ಕೆ ಹೋಯಿತು. ಆ ತಿಂಗಳುಗಳಲ್ಲಿ ಎಪ್ಪತ್ತು ದಾಟಿದವರು ಮುಚ್ಚಿಹೋದ ಕಾರ್ಖಾನೆಗಳ ಹಳೆಯ ರಸೀದಿಗಳನ್ನು ಹುಡುಕಿ ಟ್ರಂಕುಗಳನ್ನು ಬರಿದು ಮಾಡಿದ ಮನೆಗಳು ಎಷ್ಟೋ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಅಂಥ ಮನೆಗಳಲ್ಲಿ ಹುಟ್ಟಿರಬೇಕು. ನ್ಯಾಯಾಲಯ ಕೊಟ್ಟ ವರ ಕಚೇರಿಯ ಕಿಟಕಿಯ ಮುಂದೆ ಒಂದು ಪುರಾವೆಗಾಗಿ ನಿಂತುಬಿಡುತ್ತದೆ.

ಇನ್ನು ಪಿಂಚಣಿಯ ಹೊಸ್ತಿಲನ್ನೇ ಕಾಣದವರು ನಮ್ಮಲ್ಲಿ ಬಹುಸಂಖ್ಯಾತರು. ಹೊಲದಲ್ಲಿ ಬೆನ್ನು ಬಾಗಿಸಿದ ಕೂಲಿಯವನಿಗೆ, ಮನೆಮನೆಯಲ್ಲಿ ಪಾತ್ರೆ ತೊಳೆದ ಹೆಂಗಸಿಗೆ, ವರ್ಷ ವರ್ಷವೂ ಹೊಸದಾಗಿ ನೇಮಕಗೊಳ್ಳುವ ಅತಿಥಿ ಉಪನ್ಯಾಸಕನಿಗೆ ಹಳೆಯ ಪದ್ಧತಿಯೂ ಒಂದೇ, ಹೊಸ ಪದ್ಧತಿಯೂ ಒಂದೇ. ಬಡತನದ ರೇಖೆಯ ಕೆಳಗಿನ ಮುದುಕರಿಗೆ ಕೇಂದ್ರವು ತನ್ನ ವೃದ್ಧಾಪ್ಯ ವೇತನ ಯೋಜನೆಯಲ್ಲಿ ನೀಡುವ ಪಾಲು ೬೦ರಿಂದ ೭೯ ವಯಸ್ಸಿನವರಿಗೆ ತಿಂಗಳಿಗೆ ೨೦೦ ರೂಪಾಯಿ, ೮೦ ದಾಟಿದವರಿಗೆ ೫೦೦. ರಾಜ್ಯಗಳು ಅದಕ್ಕೆ ತಮ್ಮದನ್ನು ಕೂಡಿಸುತ್ತವೆ. ಕರ್ನಾಟಕದಲ್ಲಿ ೬೫ ದಾಟಿದ ಬಡವರಿಗಾಗಿ ೨೦೦೭ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯಿದೆ. ಹಳೆಯ ಪಿಂಚಣಿಗಾಗಿ ವಾದಿಸುವ ನಾವು ಈ ಜನರನ್ನು ನೆನೆಯದೆ ವಾದಿಸಿದರೆ ಆ ವಾದಕ್ಕೆ ಅರ್ಧ ಬಲ ಮಾತ್ರ. ಅವರು ಕೊಳ್ಳುವ ಬೆಂಕಿಪೊಟ್ಟಣದ ತೆರಿಗೆಯಿಂದಲೂ ನಮ್ಮ ಪಿಂಚಣಿ ಬರಬೇಕಷ್ಟೆ.

ಆದುದರಿಂದ ನಿಯಮಗಳು ಎಂದೆಂದಿಗೂ ಬದಲಾಗಬಾರದು ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಕಾಲ ಬದಲಾದಂತೆ ನಿಯಮ ಬದಲಾಗಬೇಕಾದೀತು, ಬೊಕ್ಕಸ ಅಕ್ಷಯಪಾತ್ರೆಯಲ್ಲ. ಇಂದು ವಿದ್ಯಾರ್ಥಿಗಳಾಗಿರುವ ವಾಚಕರೇ ನಾಳೆ ತೆರಿಗೆ ತೆರುವವರು. ತಮ್ಮ ಗುರುಗಳ ಮುಪ್ಪಿನ ವೆಚ್ಚ ತಮ್ಮ ಮೇಲೆ ಎಷ್ಟು ಬೀಳುತ್ತದೆಂದು ಕೇಳುವ ಹಕ್ಕು ಅವರಿಗುಂಟು. ಪ್ರಶ್ನೆ ಬದಲಾವಣೆಯದಲ್ಲ, ಬದಲಾಯಿಸುವ ರೀತಿಯದು. ಆಟ ಮುಗಿಯುತ್ತ ಬಂದಾಗ ಆಟದ ನಿಯಮವನ್ನು ತಿದ್ದುವುದು ಎಳೆಯ ಮಕ್ಕಳೂ ಒಪ್ಪದ ಅನ್ಯಾಯ. ಮನುಷ್ಯನು ತನ್ನ ಯೌವನವನ್ನು ಒಂದು ಭರವಸೆಯ ಎದುರಿಗೆ ಒತ್ತೆಯಿಡುತ್ತಾನೆ. ಅರುವತ್ತರಲ್ಲಿ ಭರವಸೆ ಬದಲಾದರೆ ಯೌವನವನ್ನು ಹಿಂದಕ್ಕೆ ಕೇಳುವಂತಿಲ್ಲ. ಬೇರೆ ಒಪ್ಪಂದಗಳಲ್ಲಿ ಮೋಸಹೋದವನು ಇನ್ನೊಂದು ಒಪ್ಪಂದ ಮಾಡಿಕೊಂಡಾನು. ಈ ಒಪ್ಪಂದದಲ್ಲಿ ಎರಡನೆಯ ಅವಕಾಶವೆಂಬುದಿಲ್ಲ.

ಹೀಗಿರುವಾಗ ನಾಲ್ಕು ಮಾತುಗಳನ್ನು ಸರ್ಕಾರಗಳಿಂದ ನಿರೀಕ್ಷಿಸುವುದು ಅತಿಯಾಸೆಯಲ್ಲ. ಹೊಸ ನಿಯಮ ಮುಂದೆ ಬರುವವರಿಗೆ ಅನ್ವಯಿಸಲಿ. ಬಂದು ದುಡಿಯುತ್ತಿರುವವರಿಗೂ ದುಡಿದು ಹೋದವರಿಗೂ ಹಿಂದಿನಿಂದ ಅನ್ವಯಿಸದಿರಲಿ. ಗೆರೆಯನ್ನು ಎಳೆಯಲೇಬೇಕಾದರೆ ಅದು ಅಭ್ಯರ್ಥಿಯ ಕೈಯಲ್ಲಿರುವ ಸಂಗತಿಯ ಮೇಲಿರಲಿ, ಕಚೇರಿಯ ಕೈಯಲ್ಲಿರುವ ಸಂಗತಿಯ ಮೇಲಲ್ಲ. ಸೇವಾಪುಸ್ತಕವನ್ನು ಇಡುವವರು ಕಚೇರಿಯವರಾದ ಮೇಲೆ, ಸೇವೆಯ ಪುರಾವೆಯನ್ನು ಒದಗಿಸುವ ಭಾರವೂ ಕಚೇರಿಯದೇ ಆಗಿರಲಿ. ಅನುದಾನಕ್ಕೆ ಮುಂಚಿನ ವರ್ಷಗಳು, ಒಪ್ಪಂದದ ವರ್ಷಗಳು, ರಜೆಯ ವರ್ಷಗಳು ಅರ್ಹತಾದಾಯಕವೆ ಅಲ್ಲವೆ ಎಂಬುದನ್ನು ನೌಕರನಿಗೆ ಮೂವತ್ತನೆಯ ವಯಸ್ಸಿನಲ್ಲಿ ತಿಳಿಸಲಿ, ಐವತ್ತೊಂಬತ್ತನೆಯ ವಯಸ್ಸಿನಲ್ಲಲ್ಲ. ಕೊನೆಯದಾಗಿ, ಆಯ್ಕೆ ಮಾಡಿಕೊಳ್ಳೆಂದು ಹೇಳುವಾಗ ಆ ಆಯ್ಕೆಯ ಫಲವೇನೆಂಬ ಲೆಕ್ಕವನ್ನು ತಿಳಿಗನ್ನಡದಲ್ಲಿ ಕೈಗೆ ಕೊಡಲಿ. ಜೀವನವೆಲ್ಲ ಮಕ್ಕಳಿಗೆ ಲೆಕ್ಕ ಕಲಿಸಿದವರು ತಮ್ಮ ಪಿಂಚಣಿಯ ಲೆಕ್ಕ ತಿಳಿಯದೆ ಮಧ್ಯವರ್ತಿಗಳ ಮನೆಗೆ ಅಲೆಯುವುದು ನೋಡಲು ಚೆನ್ನಾಗಿಲ್ಲ.

ನಮ್ಮ ಇಬ್ಬರು ಗೆಳೆಯರು ಈ ಹೊತ್ತಿಗೆ ನಡುವಯಸ್ಸನ್ನು ದಾಟಿದ್ದಾರೆ. ಸಂಜೆ ಶಾಲೆ ಬಿಟ್ಟ ಮೇಲೆ ಇಬ್ಬರೂ ಕೆರೆಯ ಏರಿಯ ಮೇಲೆ ನಡೆದುಹೋಗುವುದುಂಟು. ಏರಿಯ ಕೊನೆಯಲ್ಲಿ, ನಮ್ಮ ಅನೇಕ ಊರುಗಳಲ್ಲಿ ಇರುವಂತೆ, ಅರ್ಧ ಹೂತ ವೀರಗಲ್ಲು ಒಂದಿದೆ. ಮೇಲಿನ ಪಟ್ಟಿಕೆಯಲ್ಲಿ ಸ್ವರ್ಗ, ಕೆಳಗಿನದರಲ್ಲಿ ಯುದ್ಧ. ನಡುವೆ ಮಾಸಿದ ಅಕ್ಷರಗಳು. ಕೊಟ್ಟ ಗದ್ದೆ ಎಂದೋ ಕೈಬದಲಾಯಿಸಿದೆ. ಕೊಟ್ಟವನ ವಂಶವೂ ಇಲ್ಲ, ಪಡೆದವನ ವಂಶವೂ ಇಲ್ಲ. ಕೊಟ್ಟ ಮಾತನ್ನು ಮುಂದಿನವರು ಕಾಯಬೇಕೆಂ­ದು ಯಾರೋ ಒಬ್ಬರು ಬಯಸಿದ್ದರೆಂಬ ಸಾಕ್ಷ್ಯ ಮಾತ್ರ ಕಲ್ಲಿನಲ್ಲಿ ಉಳಿದಿದೆ. ಶಾಪದ ಭಯ ಇಂದಿನವರಿಗಿಲ್ಲ, ಇರಬೇಕಾದದ್ದೂ ಇಲ್ಲ. ಆದರೆ ಶಾಪದ ಜಾಗದಲ್ಲಿ ನಾವು ಸಂವಿಧಾನವನ್ನು ಇಟ್ಟುಕೊಂಡಿದ್ದೇವೆ. ಕಲ್ಲಿನ ಅಕ್ಷರ ಮಾಡುತ್ತಿದ್ದ ಕೆಲಸವನ್ನು ಅದು ಮಾಡಬೇಕೆಂದು ಈ ಇಬ್ಬರು ನಂಬಿದರೆ, ಆ ನಂಬಿಕೆಯನ್ನು ಹುಸಿ ಮಾಡುವ ಹಕ್ಕು ಯಾವ ತಾರೀಖಿಗೂ ಇರಬಾರದು.